ನೂರಿಪ್ಪತ್ತನೆಯ ಫಾರಂ

ನಿವೃತ್ತರಾಗುವುದು ಅಷ್ಟು ಸುಲಭದ ಕೆಲಸವಲ್ಲ. ನಾಲ್ಕು ಭಾಷಣ ಕೇಳಿಸಿಕೊಂಡು, ಕೊಟ್ಟ ಗೋಡೆ ಗಡಿಯಾರವನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದುಬಿಟ್ಟರೆ ಆಯಿತು ಎಂದು ತಿಳಿದವರು ಬಹಳ ಜನ. ಕಾಲಂ ಸಾಹೇಬರೂ ಭಾಷಣ ಕೇಳಿಸಿಕೊಂಡರು, ಗಡಿಯಾರ ತಂದರು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಮಾರನೆಯ ದಿನ ಆ ಗಡಿಯಾರ ಒಂಬತ್ತು ತೋರಿಸಿದ ಕೂಡಲೇ ಊಟದ ಡಬ್ಬಿ ಹಿಡಿದು ಆಸ್ಪತ್ರೆಗೆ ಹೊರಟರು.

"ಚಾರ್ಜ್ ಕೊಡೋದು ಬಾಕಿ ಇದೆ ಕಣೇ. ಎರಡು ದಿನದ ಕೆಲಸ," ಎಂದರು ಹೆಂಡತಿಗೆ.

ಆ ಎರಡು ದಿನಕ್ಕೆ ಈಗ ಮೂರು ವರ್ಷ ತುಂಬಿದೆ.

ಅವರಿಗೆ ಆ ಹೆಸರಿಟ್ಟದ್ದು ಯಾರೆಂದು ಯಾರಿಗೂ ನೆನಪಿಲ್ಲ, ಆದರೆ ಯಾಕೆಂದು ಎಲ್ಲರಿಗೂ ಗೊತ್ತು. ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಕೂತು, ಒಂದೇ ಒಂದು ಕಾಲಂ ಖಾಲಿ ಇರುವ ಕಾಗದವನ್ನು ಅವರು ಕಪಾಟಿನೊಳಗೆ ಬಿಟ್ಟುಕೊಂಡವರಲ್ಲ. ಕಾಲು ಮುರಿದುಕೊಂಡು ಬೊಬ್ಬೆ ಹೊಡೆಯುತ್ತಿರುವವನ ಪಕ್ಕದಲ್ಲಿ ನಿಂತು, "ಅದಿರಲಿ, ಹುಟ್ಟಿದ ತಾರೀಖು ಹೇಳಿ," ಎಂದವರು. ಆಗತಾನೇ ಹುಟ್ಟಿದ ಮಗುವಿನ ಕಾಗದದಲ್ಲಿ 'ಉದ್ಯೋಗ' ಎಂಬ ಕಾಲಂ ಖಾಲಿ ಬಂದಾಗ, ಸ್ವಲ್ಪ ಯೋಚಿಸಿ, ದುಂಡಗಿನ ಅಕ್ಷರದಲ್ಲಿ 'ಸದ್ಯಕ್ಕೆ ಇಲ್ಲ' ಎಂದು ಬರೆದವರು.

ಈಗ ಅವರ ಮೇಜಿನಲ್ಲಿ ಕ್ಲರ್ಕ್ ಹುಡುಗಿಯೊಬ್ಬಳು ಕೂತಿದ್ದಾಳೆ. ಎದುರಿಗೆ ಕಂಪ್ಯೂಟರು. ಸಾಹೇಬರಿಗೆ ನಾಲ್ಕನೆಯ ಕಪಾಟಿನ ಹಿಂದೆ, ಮೂಳೆ ವಿಭಾಗಕ್ಕೂ ಕಣ್ಣಿನ ವಿಭಾಗಕ್ಕೂ ನಡುವೆ, ಒಂದು ಮರದ ಸ್ಟೂಲು. ಅಲ್ಲಿ ಕೂತು ಹಳೆಯ ಫೈಲುಗಳ ದಾರ ಬಿಗಿಮಾಡುತ್ತಾರೆ, ಧೂಳು ಒರೆಸುತ್ತಾರೆ, ಮತ್ತು ಕಾಯುತ್ತಾರೆ. ಯಾವುದಕ್ಕೆಂದರೆ, ದಿನಕ್ಕೊಂದು ಸಲ ಆ ಹುಡುಗಿ ಕಪಾಟಿನಾಚೆಯಿಂದ ಕೂಗುತ್ತಾಳೆ: "ಸರ್, ಈ ನಂಬರ್ ಎಲ್ಲಿರಬಹುದು?"

ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವಳಿಗೆ ಗೊತ್ತಿದೆ ಎಂದು ಸಾಹೇಬರಿಗೂ ಗೊತ್ತು. ಆದರೂ ಅವರು ಎದ್ದು, ಕನ್ನಡಕ ಸರಿಮಾಡಿಕೊಂಡು, "ಎರಡನೇ ಕಪಾಟು, ಮೇಲಿಂದ ಮೂರನೇ ಸಾಲು, ಎಡಗಡೆ," ಎನ್ನುತ್ತಾರೆ. ಆ ಒಂದು ಪ್ರಶ್ನೆಗಾಗಿ ಅವರು ಬೆಳಿಗ್ಗೆ ಆರು ಗಂಟೆಗೇ ಏಳುತ್ತಾರೆ, ಸ್ನಾನ ಮಾಡುತ್ತಾರೆ, ಅಂಗಿಗೆ ಇಸ್ತ್ರಿ ಹಾಕುತ್ತಾರೆ.

ಮನೆಯಲ್ಲಿ ಹೆಂಡತಿಯ ಸಂಗತಿ ಬೇರೆ. "ರಿಟೈರ್ ಆಗ್ಲಿ ಇರೇ, ಆಮೇಲೆ ಇಡೀ ದಿನ ಮನೇಲೇ ಇರ್ತೀನಿ," ಎಂದು ಸಾಹೇಬರು ಮೂವತ್ತನಾಲ್ಕು ವರ್ಷ ಹೇಳಿದ್ದರು. ಅವಳು ಅದನ್ನು ನಂಬಿ, ಜಗಲಿಗೆ ಎರಡನೆಯ ಕುರ್ಚಿಯನ್ನೂ ತರಿಸಿಟ್ಟಿದ್ದಳು. ಒಂದು ವರ್ಷ ಆ ಕುರ್ಚಿಯ ಧೂಳು ಒರೆಸಿದಳು. ಎರಡನೆಯ ವರ್ಷ ಅದರ ಮೇಲೆ ಬಟ್ಟೆ ಒಣಹಾಕಿದಳು. ಮೂರನೆಯ ವರ್ಷ, ಚಿಕ್ಕಂದಿನಲ್ಲಿ ಬಿಟ್ಟ ಓದನ್ನು ಮುಂದುವರಿಸುತ್ತೇನೆಂದು ಸಂಜೆ ಶಾಲೆಗೆ ಸೇರಿಕೊಂಡುಬಿಟ್ಟಳು. ಆರಕ್ಕೆ ಅವರು ಬರುವುದು, ಆರಕ್ಕೆ ಇವಳು ಹೊರಡುವುದು. ಇಬ್ಬರೂ ಗೇಟಿನ ಹತ್ತಿರ ಸೇರುತ್ತಿದ್ದರು. ಬೀಗದ ಕೈ ಅವಳ ಕೈಯಿಂದ ಇವರ ಕೈಗೆ ಬರುತ್ತಿತ್ತು.

"ಹಾಲು ಮುಚ್ಚಿಟ್ಟಿದ್ದೀನಿ," ಎನ್ನುತ್ತಿದ್ದಳು.

"ಹೂಂ," ಎನ್ನುತ್ತಿದ್ದರು.

ಸಂಸಾರ ಹೀಗೆ ಗೇಟಿನಲ್ಲಿ ನಡೆಯುತ್ತಿತ್ತು.

ಇಂಥ ನೆಮ್ಮದಿಯ ದಿನಗಳಲ್ಲಿ ಒಂದು ಮಧ್ಯಾಹ್ನ, ಕ್ಲರ್ಕ್ ಹುಡುಗಿ ಕಾಗದಗಳಿಗೆ ಸಹಿ ಹಾಕಿಸಲು ಹೋಗಿದ್ದಾಗ, ನರ್ಸಿಂಗ್ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ರೆಕಾರ್ಡ್ ರೂಮಿಗೆ ಬಂದಳು. ಕೈಯಲ್ಲಿ ಒಂದೇ ಒಂದು ಫಾರಂ, ಮುಖದಲ್ಲಿ ಅಳು. ವಿದ್ಯಾರ್ಥಿಗಳಿಗೂ ಆಸ್ಪತ್ರೆ ಸಿಬ್ಬಂದಿಗೂ ವಯಸ್ಸಾದವರ ಬಗ್ಗೆ ಎಂಥ ಮನೋಭಾವ ಇದೆ ಎಂದು ಅವಳು ಅಳೆಯಬೇಕಾಗಿತ್ತು. ನೂರಿಪ್ಪತ್ತು ಜನ ಬೇಕು. ನೂರಹತ್ತೊಂಬತ್ತು ಆಗಿತ್ತು. ಒಬ್ಬರು ಕಡಿಮೆಯಾದರೂ ಅವಳ ಪ್ರಬಂಧಕ್ಕೆ ಗೈಡ್ ಮೇಡಂ ಸಹಿ ಹಾಕುವುದಿಲ್ಲ.

ಅವಳು ಕಪಾಟಿನ ಹಿಂದೆ ಇಣುಕಿದಳು. ಇಸ್ತ್ರಿ ಹಾಕಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಡಿಲಲ್ಲಿ ಫೈಲು.

"ಸರ್, ನೀವು ಇಲ್ಲಿ ಸ್ಟಾಫಾ?"

ಮೂರು ವರ್ಷದಿಂದ ಯಾರೂ ಕೇಳದ ಪ್ರಶ್ನೆ. ಇಲ್ಲ ಎನ್ನಲು ಸಾಹೇಬರು ಬಾಯಿ ತೆರೆದರು. ಬಂದದ್ದು ಮಾತ್ರ, "ಹೌದಮ್ಮ."

"ಹೆಸರು ಬರೀಬೇಡಿ ಸರ್. ಯಾರದು ಅಂತ ಯಾರಿಗೂ ಗೊತ್ತಾಗಲ್ಲ. ಈ ಮೇಲಿನ ಕಾಲಂಗಳೂ ಇಷ್ಟ ಇದ್ರೆ ತುಂಬಿ, ಇಲ್ದಿದ್ರೆ ಬಿಟ್ಬಿಡಿ."

ಇಷ್ಟವಿದ್ದರೆ! ಬೆಕ್ಕಿನ ಮುಂದೆ ಹಾಲಿಟ್ಟು ಇಷ್ಟವಿದ್ದರೆ ಕುಡಿ ಎಂದ ಹಾಗಾಯಿತು. ವಿಭಾಗ: ರೆಕಾರ್ಡ್ ರೂಮು. ಸೇವೆ: ಮೂವತ್ತನಾಲ್ಕು ವರ್ಷ. ವಯಸ್ಸಿಗೆ ಎರಡೇ ಚೌಕ: ಇಪ್ಪತ್ತರಿಂದ ನಲವತ್ತು, ನಲವತ್ತೊಂದರಿಂದ ಅರವತ್ತು. ಅರವತ್ತರ ಮೇಲೆ ಚೌಕವಿಲ್ಲ. ಅರವತ್ತಮೂರರ ಸಾಹೇಬರು ಬಹಳ ಹೊತ್ತು ಪೆನ್ನು ಹಿಡಿದು, ಕೊನೆಗೆ ಎರಡನೆಯ ಚೌಕದ ಬಲಗಡೆಯ ಗೆರೆಯ ಮೇಲೇ ಟಿಕ್ ಹಾಕಿದರು. ಅರ್ಧ ಒಳಗೆ, ಅರ್ಧ ಹೊರಗೆ. ಸುಳ್ಳು ಅರ್ಧವೇ ಆಯಿತಲ್ಲ ಎಂದು ಸಮಾಧಾನ.

ಕೆಳಗೆ ಮೂವತ್ತು ಹೇಳಿಕೆ. ಪ್ರತಿಯೊಂದರ ಎದುರಿಗೂ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬಲ್ಲಿಂದ 'ಪೂರ್ತಿ ಒಪ್ಪುತ್ತೇನೆ' ಎನ್ನುವವರೆಗೆ ಐದು ಚೌಕ.

'ವಯಸ್ಸಾದವರು ಹೇಳಿದ್ದನ್ನೇ ಹೇಳುತ್ತಾರೆ.' ಸಾಹೇಬರಿಗೆ ನಿವೃತ್ತಿಯಾದ ಮೊದಲ ಭಾನುವಾರ ಪಾರ್ಕಿನ ಬೆಂಚಿನಲ್ಲಿ ಕಳೆದ ಎರಡು ಗಂಟೆ ಜ್ಞಾಪಕಕ್ಕೆ ಬಂತು. ಅಲ್ಲಿ ಐವರು ಮಂಡಿನೋವಿನ ಬಗ್ಗೆ ಸರದಿಯ ಮೇಲೆ ಮಾತಾಡಿದ್ದರು. ಪೂರ್ತಿ ಒಪ್ಪಿದರು. 'ಹೊಸದನ್ನು ಕಲಿಯುವುದಿಲ್ಲ.' ಕಪಾಟಿನ ಸಂದಿಯಿಂದ ಕಾಣುತ್ತಿದ್ದ ಕಂಪ್ಯೂಟರನ್ನು ನೋಡಿದರು. ಅದನ್ನೂ ಪೂರ್ತಿ ಒಪ್ಪಿದರು. 'ಕೊಳಕಾಗಿರುತ್ತಾರೆ.' ಅಂಗಿಯ ಇಸ್ತ್ರಿ ನೋಡಿಕೊಂಡು, ಇದೊಂದಕ್ಕೆ ನಡುವಿನ ಚೌಕ. 'ಕರೆಯದ ಕಡೆ ಹೋಗಿ ಕೂರುತ್ತಾರೆ.' ಇಲ್ಲಿ ಪೆನ್ನು ನಿಂತಿತು. ಸ್ಟೂಲು ಒಮ್ಮೆ ಕಿರುಗುಟ್ಟಿತು. ಆಮೇಲೆ ಕೈ ತಾನಾಗಿ ಹೋಗಿ ಕೊನೆಯ ಚೌಕದಲ್ಲಿ, ಕಾಗದ ಹರಿಯುವಷ್ಟು ಒತ್ತಿ, ಟಿಕ್ ಹಾಕಿತು.

ಮೂವತ್ತನೆಯದು: 'ವಯಸ್ಸಾದವರ ಜೊತೆ ಇಡೀ ದಿನ ಕಳೆಯುವುದು ನನಗೆ ಸಂತೋಷ.'

ಸ್ವಲ್ಪವೂ ಒಪ್ಪಲಿಲ್ಲ.

ವಿದ್ಯಾರ್ಥಿನಿ ಫಾರಮ್ಮನ್ನು ಎದೆಗವಚಿಕೊಂಡು, "ಥ್ಯಾಂಕ್ಸ್ ಸರ್, ನನ್ನ ಜೀವ ಉಳಿಸಿದ್ರಿ," ಎಂದು ಓಡಿದಳು. ಸಾಹೇಬರು ಆ ದಿನ ಮನೆಗೆ ಹೋಗುವಾಗ ಶಿಳ್ಳೆ ಹಾಕಿದರೆಂದು ಎದುರುಮನೆಯಾಕೆ ಇವತ್ತಿಗೂ ಹೇಳುತ್ತಾಳೆ.

ಎಂಟನೆಯ ದಿನ ಆಸ್ಪತ್ರೆಗೆ ಬೆಂಕಿ ಬಿದ್ದ ಹಾಗಾಯಿತು. ಅಂಕ ಕೂಡಿಸಿದ ಗೈಡ್ ಮೇಡಂ ಕುರ್ಚಿಯಿಂದ ಎದ್ದು ನಿಂತರಂತೆ. ಹೆಚ್ಚು ಅಂಕ ಬಂದಷ್ಟೂ ವಯಸ್ಸಾದವರನ್ನು ಕಂಡರೆ ಆಗದವರು ಎಂದು ಲೆಕ್ಕ. ಉಳಿದವರೆಲ್ಲ ಅರವತ್ತು, ಎಪ್ಪತ್ತರಲ್ಲಿದ್ದರೆ, ಒಂದೇ ಒಂದು ಫಾರಂ ನೂರೈವತ್ತಕ್ಕೆ ನೂರ ನಲವತ್ತೆಂಟು!

ಮಧ್ಯಾಹ್ನದೊಳಗೆ ಸುದ್ದಿ ಎಲ್ಲ ವಾರ್ಡಿಗೂ ಹೋಯಿತು. ಅಡಿಗೆಮನೆಯಲ್ಲಿ ಬ್ರೆಡ್ ಕತ್ತರಿಸುತ್ತಿದ್ದವಳು, "ಅಂಥವರ ಕೈಗೆ ಅಜ್ಜಂದಿರು ಸಿಕ್ಕಿದ್ರೆ ಏನು ಗತಿ!" ಎಂದು ಚಾಕು ಕೆಳಗಿಟ್ಟಳು. ಎರಡನೆಯ ವಾರ್ಡಿನ ಅಜ್ಜನೊಬ್ಬ ನರ್ಸಮ್ಮನಿಂದ ಮಾತ್ರೆ ತೆಗೆದುಕೊಳ್ಳುವ ಮುಂಚೆ, "ತಾಯಿ, ಆ ನೂರ ನಲವತ್ತೆಂಟು ನೀನಲ್ಲ ತಾನೆ?" ಎಂದು ವಿಚಾರಿಸಿದ.

ಮೂರು ಗಂಟೆಗೆ ಆಸ್ಪತ್ರೆಯ ದೊಡ್ಡ ಡಾಕ್ಟರೂ ಗೈಡ್ ಮೇಡಮ್ಮೂ ರೆಕಾರ್ಡ್ ರೂಮಿಗೇ ಬಂದರು. ಸಾಹೇಬರು ಕಪಾಟಿನ ಹಿಂದೆ ಡಬ್ಬಿ ಬಿಚ್ಚಿ ಕೂತಿದ್ದರು.

"ನೋಡಮ್ಮ, ಹೆಸರಿಲ್ಲ ಅಂತ ಧೈರ್ಯ ಇರಬಹುದು ನಿನಗೆ," ದೊಡ್ಡ ಡಾಕ್ಟರು ಕ್ಲರ್ಕ್ ಹುಡುಗಿಗೆ ಹೇಳಿದರು. "ಆದ್ರೆ ವಿಭಾಗ ರೆಕಾರ್ಡ್ ರೂಮು ಅಂತ ನೀನೇ ಬರೆದಿದ್ದೀಯ. ಇಲ್ಲಿರೋಳು ನೀನೊಬ್ಳೇ."

"ನಾನು ಫಾರಮ್ಮೇ ನೋಡಿಲ್ಲ ಸರ್!"

"ನೋಡಿಲ್ಲವಂತೆ!" ಗೈಡ್ ಮೇಡಂ ಕಾಗದ ಆಡಿಸಿದರು. "ಸೇವೆ ಮೂವತ್ತನಾಲ್ಕು ವರ್ಷ ಅಂತ ಬೇರೆ ಬರೆದಿದ್ದಾಳೆ. ಇವಳ ವಯಸ್ಸೆಷ್ಟು ಸರ್?"

"ಇಪ್ಪತ್ತೊಂಬತ್ತು."

"ಅಂದ್ರೆ ಹುಟ್ಟೋಕೆ ಐದು ವರ್ಷ ಮುಂಚೆ ಕೆಲಸಕ್ಕೆ ಸೇರಿದ್ದಾಳೆ! ಹಿರಿಯರ ಮೇಲೆ ದ್ವೇಷ, ಅದರ ಮೇಲೆ ತಮಾಷೆ."

ಮೂವತ್ತನಾಲ್ಕು ವರ್ಷ ಆ ಕೋಣೆಯಲ್ಲಿ ಕೂತವರು ಯಾರಾದರೂ ಇದ್ದಾರೆಯೇ ಎಂದು ಆ ಇಬ್ಬರು ಬುದ್ಧಿವಂತರಿಗೂ ಹೊಳೆಯಲಿಲ್ಲ. ಫಾರಂ ತಂದುಕೊಟ್ಟ ವಿದ್ಯಾರ್ಥಿನಿಯನ್ನು ಕೇಳುವಂತಿರಲಿಲ್ಲ; ಯಾರದೆಂದು ಹೇಳಬಾರದೆಂಬುದು ಅಳತೆಯ ನಿಯಮ. ಕಪಾಟಿನ ಹಿಂದೆ ತುತ್ತು ಬಾಯಲ್ಲಿಟ್ಟುಕೊಂಡು ಕೂತಿದ್ದ ಸಾಹೇಬರಿಗೆ ಯಾವುದು ಹೆಚ್ಚು ನೋವು ಕೊಟ್ಟಿತು, ಸಿಕ್ಕಿಬೀಳುವ ಭಯವೋ, ಸಿಕ್ಕಿಬೀಳದೇ ಹೋದದ್ದೋ, ಹೇಳುವುದು ಕಷ್ಟ.

ತೀರ್ಪಾಯಿತು. ಮಂಗಳವಾರ ಹಾಲ್‌ನಲ್ಲಿ 'ಹಿರಿಯರನ್ನು ಗೌರವಿಸೋಣ' ಎಂಬ ಸಭೆ. ಹುಡುಗಿ ಎಲ್ಲರೆದುರಿಗೆ ಕ್ಷಮಾಪಣೆ ಓದಬೇಕು. ಇಲ್ಲವಾದರೆ ಶವಾಗಾರದ ರಿಜಿಸ್ಟರಿಗೆ ವರ್ಗ. ಅಲ್ಲಿ ಮನೋಭಾವದಿಂದ ಯಾರಿಗೂ ತೊಂದರೆಯಿಲ್ಲ.

ಹೊರಡುವಾಗ ದೊಡ್ಡ ಡಾಕ್ಟರ ಕಣ್ಣಿಗೆ ಸಾಹೇಬರು ಬಿದ್ದರು.

"ಅರೆ, ನೀವು! ಯಾವಾಗ ಬಂದ್ರಿ?"

ಮೂರು ವರ್ಷವಾಯಿತು ಎನ್ನಲು ಬಾಯಲ್ಲಿ ಜಾಗವಿರಲಿಲ್ಲ.

"ಒಳ್ಳೇದೇ ಆಯ್ತು. ಸಭೆಗೆ ವಯಸ್ಸಾದವರು ಯಾರಾದ್ರೂ ಬೇಕಿತ್ತು. ನೀವೇ ಮುಖ್ಯ ಅತಿಥಿ. ಇಂಥ ಹುಡುಗೀರ ಮನಸ್ಸು ಕರಗೋ ಹಾಗೆ ಹತ್ತು ನಿಮಿಷ ಮಾತಾಡಿ."

ಅವರು ಹೋದ ಮೇಲೆ ಹುಡುಗಿ ಕಂಪ್ಯೂಟರಿನ ಮುಂದೆ ಕೂತಳು. ಕಣ್ಣು ಒರೆಸಿಕೊಂಡಳು. ಇವತ್ತು ಕೇಳಬೇಕಾದದ್ದು ಬಾಕಿ ಇದೆ ಎಂದು ನೆನಪಾಯಿತೇನೋ, ಮೂಗೆಳೆದುಕೊಳ್ಳುತ್ತಲೇ, "ಸರ್, ಈ ನಂಬರ್ ಎಲ್ಲಿರಬಹುದು?" ಎಂದಳು.

ಸಾಹೇಬರಿಗೆ ಮೊದಲನೆಯ ಸಲ ಉತ್ತರ ಹೊರಡಲಿಲ್ಲ.

ಆ ಸಂಜೆ ಗೇಟಿನಲ್ಲಿ ಬೀಗದ ಕೈ ತೆಗೆದುಕೊಳ್ಳುವಾಗ, ಹೇಳಲು ಬೇರೆ ಏನೂ ತೋಚದೆ, "ಮಂಗಳವಾರ ನಾನು ಮುಖ್ಯ ಅತಿಥಿ," ಎಂದುಬಿಟ್ಟರು. ಹೆಂಡತಿ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ನಾನೂ ಬರ್ತೀನಿ."

"ನೀನು ಯಾಕೆ? ಅದು ಬರೀ ಆಫೀಸಿನೋರದು..."

"ನನ್ನ ಕಣ್ಣು ತಪ್ಪಿಸಿ ಮೂವತ್ತೇಳು ವರ್ಷ ಅಲ್ಲಿಗೇ ಹೋದ್ರಲ್ಲ. ಅಂಥದ್ದೇನಿದೆ ಅಲ್ಲಿ ಅಂತ ಒಂದ್ಸಲ ನೋಡ್ಬೇಕು."

ಎದುರುಮನೆಯಾಕೆ ಕಾಂಪೌಂಡಿನ ಮೇಲಿಂದ, "ಪ್ರಮೋಷನ್ನಾ ಅಣ್ಣಾ?" ಎಂದಳು. ಕತ್ತಲಾಗುವುದರೊಳಗೆ ಬೀದಿಗೆಲ್ಲ ಪ್ರಮೋಷನ್ ಆಗಿತ್ತು.

ಮಂಗಳವಾರ ಹಾಲ್ ತುಂಬಿತ್ತು. ಒಂದು ಕಡೆ ವಿದ್ಯಾರ್ಥಿಗಳು, ಇನ್ನೊಂದು ಕಡೆ ಸಿಬ್ಬಂದಿ. ಮಧ್ಯದ ಸಾಲಿನಲ್ಲಿ ಹೆಂಡತಿ, ಬಾರ್ಡರ್ ಸೀರೆಯುಟ್ಟು, ಮಡಿಲಲ್ಲಿ ಶಾಲೆಯ ಚೀಲ ಇಟ್ಟುಕೊಂಡು. ವೇದಿಕೆಯ ಮೇಲೆ ಸಾಹೇಬರ ಎದುರಿಗೆ ನೀರಿನ ಲೋಟ; ಅದನ್ನು ಅವರು ಆಗಲೇ ನಾಲ್ಕು ಸಲ ಖಾಲಿ ಮಾಡಿದ್ದರು.

ಗೈಡ್ ಮೇಡಂ ಕಾಲು ಗಂಟೆ ಅಳತೆಯ ಮಹತ್ವ ವಿವರಿಸಿದರು. ಆಮೇಲೆ ಕ್ಲರ್ಕ್ ಹುಡುಗಿ ಮೈಕಿನ ಮುಂದೆ ಬಂದು ನಿಂತಳು. ಕಾಗದ ಬಿಡಿಸಿದಳು.

"ಹಿರಿಯರ ಬಗ್ಗೆ ನನಗಿರುವ ಕೆಟ್ಟ ಮನೋಭಾವಕ್ಕಾಗಿ..."

"ನಿಲ್ಲಿಸಮ್ಮ," ಎಂದರು ಸಾಹೇಬರು. ಕುರ್ಚಿ ಹಿಂದಕ್ಕೆ ಬಿತ್ತು. "ಆ ನೂರ ನಲವತ್ತೆಂಟು ನಾನು."

ದೊಡ್ಡ ಡಾಕ್ಟರು ಅವರ ಕಿವಿಯ ಹತ್ತಿರ ಬಗ್ಗಿ, "ಬಿಸಿಲಿಗೆ ತಲೆ ಸುತ್ತುತ್ತಿದೆಯಾ?" ಎಂದರು.

"ಇಲ್ಲ ಸರ್. ಆ ಫಾರಂ ತುಂಬಿದ್ದು ನಾನು. ಬೇಕಾದ್ರೆ ನೋಡಿ, ಒಂದು ಕಾಲಮ್ಮೂ ಖಾಲಿ ಇಲ್ಲ."

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿರಲಿಲ್ಲ. ಹಳೆಯ ನರ್ಸಮ್ಮಂದಿರು ಒಬ್ಬರನ್ನೊಬ್ಬರು ನೋಡಿ ತಲೆದೂಗಿದರು.

"ನೀವು ಸ್ಟಾಫ್ ಅಲ್ವಲ್ಲ!" ಎಂದು ವಿದ್ಯಾರ್ಥಿನಿ ಹಿಂದಿನ ಸಾಲಿನಿಂದ ಚೀರಿದಳು. "ಹೌದು ಅಂದ್ರಲ್ಲ ಸರ್!"

"ಅಂದೆ." ಸಾಹೇಬರು ಮೈಕಿನ ಕಡೆ ನೋಡದೆ, ಮಧ್ಯದ ಸಾಲಿನ ಕಡೆ ನೋಡಿದರು. "ಮೂರು ವರ್ಷದಿಂದ ಮನೇಲೂ ಅಂತಿದ್ದೀನಿ. ಇಲ್ಲಿ ನನಗೆ ಕೆಲಸ ಇಲ್ಲ. ಒಂದು ಸ್ಟೂಲ್ ಇದೆ, ಅಷ್ಟೇ. ದಿನಾ ನನಗೋಸ್ಕರ ಒಂದು ಪ್ರಶ್ನೆ ಎತ್ತಿಟ್ಟುಕೊಂಡು ಕೇಳೋ ಹುಡುಗಿ ಇವಳು. ಇವಳ ಮನೋಭಾವ ಅಳೀತೀರಾ ನೀವು?"

ಹಾಗೆಂದು ಕೂರಲು ಹೋದರು. ಕುರ್ಚಿ ಬಿದ್ದಿತ್ತಲ್ಲ, ವೇದಿಕೆಯ ಮೇಲೇ ಕೂತರು. ನಾಲ್ಕು ಜನ ಎಬ್ಬಿಸಲು ಓಡಿಬಂದರು. ಸಿಬ್ಬಂದಿಗೆ ವಯಸ್ಸಾದವರ ಮೇಲೆ ಎಷ್ಟು ಕಾಳಜಿಯಿದೆ ಎಂಬುದು ಇದರಿಂದ ಸಿದ್ಧವಾಯಿತೆಂದು ದೊಡ್ಡ ಡಾಕ್ಟರು ಮೈಕಿನಲ್ಲಿ ಘೋಷಿಸಿದರು. ಹುಡುಗಿಯ ಕ್ಷಮಾಪಣೆ ರದ್ದಾಯಿತು. ಜೊತೆಗೆ, ರೋಗಿಗಳ ದಾಖಲೆ ಇರುವ ಕೋಣೆಗೆ ಇನ್ನು ಹೊರಗಿನವರು ಯಾರೂ ಬರತಕ್ಕದ್ದಲ್ಲ ಎಂದೂ ಮೆಲ್ಲನೆ ಸೇರಿಸಿದರು. ಸಾಹೇಬರು ತಲೆಯಾಡಿಸಿದರು. 'ಹೊರಗಿನವರಿಗೆ ಪ್ರವೇಶವಿಲ್ಲ' ಎಂಬ ಬೋರ್ಡನ್ನು ಬಾಗಿಲ ಮೇಲೆ ಬರೆಸಿ ಹಾಕಿದ್ದವರೇ ಅವರು.

ಉಳಿದದ್ದು ವಿದ್ಯಾರ್ಥಿನಿಯ ಅಳು. ಫಾರಂ ರದ್ದು, ಮತ್ತೆ ನೂರಹತ್ತೊಂಬತ್ತು.

"ನಿಜ ಹೇಳಿದ್ದೀನಲ್ಲ, ನನ್ನದನ್ನೇ ಇಟ್ಕೊಳ್ಳಮ್ಮ," ಎಂದರು ಸಾಹೇಬರು.

"ಹಾಗೆ ಬರಲ್ಲ ರೀ," ಎಂದರು ಗೈಡ್ ಮೇಡಂ. "ನೀವು ವಿದ್ಯಾರ್ಥಿ ಅಲ್ಲ, ಸಿಬ್ಬಂದಿ ಅಲ್ಲ. ನಾವು ಅಳೀತಿರೋದು ನಿಮ್ಮ ಬಗ್ಗೆ. ಬಟ್ಟೆ ಅಳೆಯೋವಾಗ ಬಟ್ಟೇನ ಯಾರಾದ್ರೂ ಕೇಳ್ತಾರಾ?"

ಮಧ್ಯದ ಸಾಲಿನಿಂದ ಹೆಂಡತಿ ಎದ್ದು ಬಂದಳು. ಗಂಡನ ಅಂಗಿಯ ಬೆನ್ನಿಗೆ ಹತ್ತಿದ ಧೂಳು ಕೊಡವಿದಳು. ಆಮೇಲೆ ಚೀಲದಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

"ನಾನು ವಿದ್ಯಾರ್ಥಿ. ಏಳನೇ ಕ್ಲಾಸು. ರೋಲ್ ನಂಬರು ಹದಿನಾರು."

ಗೈಡ್ ಮೇಡಂ ಕಾರ್ಡನ್ನು ತಿರುಗಿಸಿ ನೋಡಿದರು. ಅಳತೆಯ ನಿಯಮಗಳನ್ನು ತರಿಸಿ ಓದಿದರು. 'ವಿದ್ಯಾರ್ಥಿ ಎಂದರೆ, ಹದಿನೆಂಟು ತುಂಬಿದ, ಯಾವುದೇ ಶಾಲೆ ಅಥವಾ ಕಾಲೇಜಿನಲ್ಲಿ ಹೆಸರು ನೋಂದಾಯಿಸಿದವರು.' ಎಲ್ಲಿಯವರೆಗೆ ಎಂದು ಬರೆಯಲು ಮರೆತಿದ್ದರು.

"ಹದಿನೆಂಟು ತುಂಬಿದೆಯಾ?" ಎಂದು ಬೇರೆ ದಾರಿಯಿಲ್ಲದೆ ಕೇಳಿದರು.

"ಹೋದ ತಿಂಗಳು ಅರವತ್ತೊಂದೂ ತುಂಬಿತು."

ವಿದ್ಯಾರ್ಥಿನಿ ಕಣ್ಣೊರೆಸಿಕೊಂಡು, ಹೊಸ ಫಾರಮ್ಮಿನಲ್ಲಿ ವಯಸ್ಸಿನ ಸಾಲಿನ ಕೊನೆಗೆ, ಸ್ಕೇಲ್ ಇಟ್ಟು ಇನ್ನೊಂದು ಚೌಕ ಬರೆದುಕೊಟ್ಟಳು.

ಹೆಂಡತಿ ಮೇಜಿನ ತುದಿಯಲ್ಲಿ ಕೂತು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿ, ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದಳು. ಸಾಹೇಬರು ಹೆಗಲ ಮೇಲಿಂದ ಇಣುಕುತ್ತಿದ್ದರು.

"ಹೇಳಿದ್ದನ್ನೇ ಹೇಳ್ತಾರೆ ಅನ್ನೋದನ್ನ ಒಪ್ಪಲಿಲ್ವಾ?"

"ಒಂದ್ಸಲ ಹೇಳೋಕೇ ಮನೇಲಿ ಯಾರೂ ಸಿಗಲ್ಲ. ಇನ್ನೊಂದ್ಸಲ ಯಾರಿಗೆ ಹೇಳಲಿ? ಪರೀಕ್ಷೇಲಿ ಇಣುಕಬಾರದು, ಆ ಕಡೆ ಹೋಗಿ."

ಇಪ್ಪತ್ತೊಂಬತ್ತು ಮುಗಿದವು. ಮೂವತ್ತನೆಯದರ ಹತ್ತಿರ ಪೆನ್ಸಿಲು ನಿಂತಿತು. ಅವಳು ಎರಡು ಸಲ ಓದಿದಳು. ಆಮೇಲೆ ಪೆನ್ಸಿಲನ್ನು ಕೆಳಗಿಟ್ಟಳು.

"ಇದೊಂದು ಖಾಲಿ ಬಿಟ್ಟಿದ್ದೀಯ," ಎಂದರು ಸಾಹೇಬರು, ತಡೆಯಲಾರದೆ.

"'ವಯಸ್ಸಾದವರ ಜೊತೆ ಇಡೀ ದಿನ ಕಳೆಯುವುದು ನನಗೆ ಸಂತೋಷ.'" ಅವಳು ಗಟ್ಟಿಯಾಗಿ ಓದಿದಳು. "ಕಳೆದಿದ್ರೆ ತಾನೇ ಗೊತ್ತಾಗೋದು?"

ಸಾಹೇಬರು ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು.

"ಖಾಲಿ ಬಿಟ್ರೆ ಲೆಕ್ಕಕ್ಕೆ ಬರಲ್ಲ ಆಂಟಿ," ಎಂದಳು ವಿದ್ಯಾರ್ಥಿನಿ, ಅಳುವ ದನಿಯಲ್ಲಿ.

"ಹಾಗಾದ್ರೆ ಮನೆಗೆ ಒಯ್ತೀನಿ. ನಾಳೆ ಒಂದು ದಿನ ನೋಡಿ ಬರೀತೀನಿ. ಗುರುವಾರ ಬಾಮ್ಮ."

ಬುಧವಾರ ಗೋಡೆ ಗಡಿಯಾರ ಒಂಬತ್ತು ತೋರಿಸಿತು. ಸಾಹೇಬರು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು, ಜಗಲಿಯ ಎರಡನೆಯ ಕುರ್ಚಿಯ ಮೇಲಿನ ಬಟ್ಟೆ ಮಡಿಚಿಟ್ಟು ಕೂತರು. ಅಳತೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ.

ಒಂಬತ್ತೂಕಾಲಿಗೆ ಎದುರುಮನೆಯಾಕೆ ಓಡಿಬಂದಳು. "ಅಕ್ಕಾ, ಅಣ್ಣನಿಗೆ ಹುಷಾರಿಲ್ವಾ?"

"ಹುಷಾರಾಗಿದ್ದಾರೆ."

"ಮತ್ತೆ ಯಾಕೆ ಮನೇಲಿ ಕೂತಿದ್ದಾರೆ?"

"ಪ್ರಮೋಷನ್ ಆಗಿದೆ," ಎಂದಳು ಹೆಂಡತಿ.

ಹನ್ನೊಂದಕ್ಕೆ ಫೋನ್ ಬಂತು. "ಸರ್, ಈ ನಂಬರ್ ಎಲ್ಲಿರಬಹುದು?" ಸಾಹೇಬರು ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಎಂಟನೆಯ ಕಪಾಟಿನ ಕೆಳಗಿನ ಸಾಲಿಗೆ ದಾರಿ ಹೇಳಿದರು. ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದರು. ಹೆಂಡತಿ ಕುರ್ಚಿಯನ್ನು ಅವರ ಕಡೆ ಸರಿಸಿದಳು.

ಅವಳು ಮಾತಾಡಿದಳು. ಮೂವತ್ತೇಳು ವರ್ಷ ಎತ್ತಿಟ್ಟದ್ದು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, ಹಿತ್ತಲಿನ ನಲ್ಲಿ ಸೋರುವುದರಿಂದ ಶುರುಮಾಡಿದಳು. ಮಧ್ಯಾಹ್ನ ಇವರು ನಲ್ಲಿ ಸರಿಮಾಡಲು ಹೋಗಿ ಇನ್ನೂ ಸೋರುವ ಹಾಗೆ ಮಾಡಿದರು. ಭಿನ್ನರಾಶಿಯ ಲೆಕ್ಕ ಹೇಳಿಕೊಡಲು ಹೋಗಿ, ಅವಳಿಂದಲೇ ಹೇಳಿಸಿಕೊಂಡರು. ನಡುನಡುವೆ ನಾಲ್ಕು ಸಲ, "ಬರೆದ್ಯಾ?" ಎಂದರು.

"ದಿನ ಇನ್ನೂ ಮುಗಿದಿಲ್ವಲ್ಲ."

ಸಂಜೆ ಆರಾಯಿತು. ಅವಳು ಏಳಲಿಲ್ಲ.

"ಕ್ಲಾಸಿಗೆ?"

"ಇಡೀ ದಿನ ಅಂತ ಬರೆದಿದ್ದಾರೆ. ಅರ್ಧಕ್ಕೆ ಎದ್ದು ಹೋದ್ರೆ ಅಳತೆ ತಪ್ಪುತ್ತೆ."

"ಮೇಷ್ಟ್ರಿಗೆ ಏನು ಹೇಳ್ತೀಯ?"

"ಪರೀಕ್ಷೆ ಇತ್ತು ಅಂತೀನಿ."

ಗುರುವಾರ ಬೆಳಿಗ್ಗೆ ವಿದ್ಯಾರ್ಥಿನಿ ಗೇಟಿಗೆ ಬಂದು ನಿಂತಳು. ಜಗಲಿಯ ಎರಡು ಕುರ್ಚಿಯ ನಡುವೆ, ಕಾಫಿ ಲೋಟದ ಕೆಳಗೆ ಫಾರಂ ಇತ್ತು. ಮೂವತ್ತನೆಯ ಸಾಲಿನ ಎದುರಿಗೆ ಐದು ಚೌಕಗಳೂ ಬೆಳ್ಳಗೆ ಕಾಣುತ್ತಿದ್ದವು.

"ಒಂದೇ ದಿನಕ್ಕೆ ಏನು ಗೊತ್ತಾಗುತ್ತಮ್ಮ?" ಎಂದಳು ಹೆಂಡತಿ. "ಕೊಡೋಕೆ ಕೊನೇ ದಿನ ಯಾವತ್ತು?"

"ಶುಕ್ರವಾರ ನಾಲ್ಕು ಗಂಟೆ, ಆಂಟಿ."

"ಹಾಗಾದ್ರೆ ಶುಕ್ರವಾರ ಮೂರೂವರೆಗೆ ಬಾ."

ವಿದ್ಯಾರ್ಥಿನಿ ಸಹಾಯಕ್ಕೆಂದು ಸಾಹೇಬರ ಮುಖ ನೋಡಿದಳು. ಖಾಲಿ ಕಾಲಂ ಕಂಡರೆ ನಿದ್ದೆಬಾರದ ಮನುಷ್ಯ, ಏನಾದರೂ ಹೇಳಿಯಾರು. ಸಾಹೇಬರು ಫಾರಂ ನೋಡಿದರು. ಗೋಡೆಯ ಮೇಲೆ, ಗಡಿಯಾರದ ಪಕ್ಕದ ಮೊಳೆಯಲ್ಲಿ, ನಿನ್ನೆಯಿಂದ ಯಾರೂ ಮುಟ್ಟದ ಬೀಗದ ಕೈಯನ್ನು ನೋಡಿದರು. ಆಮೇಲೆ ಜೇಬಿನ ಎರಡೂ ಪೆನ್ನುಗಳನ್ನು ತೆಗೆದು ಕಿಟಕಿಯ ಮೇಲಿಟ್ಟು, ಕುರ್ಚಿಗೆ ಒರಗಿಕೊಂಡರು.

"ಅವಸರ ಮಾಡಬೇಡಮ್ಮ," ಎಂದರು.